ಆರು ಪೈಪು, ಒಂದೇ ಪಾನಾ: ನೆಲೆ ತಪ್ಪಿದವರಿಗೆ ಕಟ್ಟಿ ಬಿಚ್ಚುವ ಸೂರು ಮಾಡುವುದು ಹೇಗೆ

ನಾನು ಸಿಂಧನೂರಿನಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟುಕೊಂಡವನು. ಟ್ರ್ಯಾಕ್ಟರ್ ಟ್ರಾಲಿ, ಗೇಟು, ಕಿಟಕಿ ಗ್ರಿಲ್ಲು ಇವೇ ನನ್ನ ಅನ್ನ. ಸೂರು ಮಾಡುವ ಹುಚ್ಚು ಹತ್ತಿದ್ದು ಒಂದು ಮುರಿದ ಟೆಂಟಿನಿಂದ. ಹೊಳೆಗೆ ನೀರು ಬಂದಾಗ ಎಲ್ಲಿಂದಲೋ ಯಾರೋ ಕಳಿಸಿದ ಟೆಂಟು ಅದು. ನೋಡಲು ಬಲು ಚಂದ. ಪೈಪುಗಳ ನಡುವೆ ಪ್ಲಾಸ್ಟಿಕ್ಕಿನ ಗಂಟು, ಒತ್ತಿದರೆ ಕಟ್ ಅಂತ ಕೂರುತ್ತಿತ್ತು. ಎರಡನೇ ದಿನ ಒಂದು ಗಂಟು ಸೀಳಿತು. ಅಂಥ ಗಂಟು ರಾಯಚೂರಿನಲ್ಲೂ ಸಿಗಲಿಲ್ಲ, ಬಳ್ಳಾರಿಯಲ್ಲೂ ಸಿಗಲಿಲ್ಲ. ಬೆರಳುದ್ದದ ಒಂದು ತುಂಡಿಗಾಗಿ ಇಡೀ ಟೆಂಟು ಮೂಲೆ ಸೇರಿತು. ಅದರೊಳಗಿದ್ದವರು ಮತ್ತೆ ಶಾಲೆಯ ಜಗಲಿಗೆ ಹೋದರು.

ಅವತ್ತಿನಿಂದ ನನ್ನ ಲೆಕ್ಕ ಒಂದೇ. ನಮ್ಮ ಭಾಗದ ಸೂರು ಕೆಟ್ಟರೆ ನಮ್ಮ ಭಾಗದಲ್ಲೇ ರಿಪೇರಿ ಆಗಬೇಕು. ಮುಸ್ಸಂಜೆ ಮಳೆಯಲ್ಲಿ, ಗಾಬರಿಯಲ್ಲಿ, ಗಂಡ ಹೆಂಡತಿ ಇಬ್ಬರೇ ನಿಂತು ಕಟ್ಟುವಂತಿರಬೇಕು. ಅದಕ್ಕೆ ಎಲ್ಲಾ ಪೈಪೂ ಒಂದೇ ಅಳತೆ, ಎಲ್ಲಾ ಬೋಲ್ಟಿಗೂ ಒಂದೇ ಪಾನಾ. ಈ ಬರಹ ಪೂರ್ತಿ ಅದರ ಸುತ್ತಲೇ ಇದೆ.

ಯಾರಿಗೆ ಬೇಕು ಇದು?

ರಾಯಚೂರು ಜಿಲ್ಲೆಯ ಬಡಗಣಕ್ಕೆ ಕೃಷ್ಣೆ, ತೆಂಕಣಕ್ಕೆ ತುಂಗಭದ್ರೆ. ನಾರಾಯಣಪುರದ ಬಸವಸಾಗರದಿಂದ ನೀರು ಬಿಟ್ಟರೆ ಲಿಂಗಸುಗೂರು, ದೇವದುರ್ಗ, ರಾಯಚೂರು ತಾಲ್ಲೂಕಿನ ದಂಡೆಯವರಿಗೆ ನಿದ್ದೆ ಇಲ್ಲ. ಶೀಲಹಳ್ಳಿ ಸೇತುವೆ ಮುಳುಗಿತು ಅಂದರೆ ಆಚೆ ನಡುಗಡ್ಡೆಯವರ ದಾರಿ ಬಂದ್. ಅತ್ತ ತುಂಗಭದ್ರಾ ಅಣೆಕಟ್ಟಿನಿಂದ ಜಾಸ್ತಿ ನೀರು ಬಂದರೆ ಕಂಪ್ಲಿ ಸೇತುವೆ ಮುಳುಗುತ್ತದೆ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರದ ನೆರೆಯನ್ನು ಇಲ್ಲಿ ಯಾರೂ ಮರೆತಿಲ್ಲ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೇ ಕ್ರೆಸ್ಟ್ ಗೇಟಿನ ಚೈನು ತುಂಡಾದಾಗ ಕೊಪ್ಪಳ, ಬಳ್ಳಾರಿ, ರಾಯಚೂರಿನ ದಂಡೆ ಊರುಗಳಲ್ಲಿ ಮತ್ತೆ ಅದೇ ಭಯ.

ನೆರೆ ಬಂದಾಗ ಕಾಳಜಿ ಕೇಂದ್ರ ತೆರೆಯುತ್ತಾರೆ. ಮೊದಲು ಗಂಜಿ ಕೇಂದ್ರ ಅನ್ನುತ್ತಿದ್ದುದು ಅದನ್ನೇ. ಆದರೆ ಶಾಲೆ ಎಷ್ಟು ದಿನ ಮುಚ್ಚಿರಲು ಸಾಧ್ಯ? ಇನ್ನೊಂದು ಮಾತು, ದನ ಕುರಿ ಬಿಟ್ಟು ನಮ್ಮವರು ಊರು ಬಿಡುವುದಿಲ್ಲ. ದನ ಎಲ್ಲಿರುತ್ತದೋ ಅದರ ಪಕ್ಕದಲ್ಲೇ ಮಲಗಬೇಕು. ಗುಳೆ ಹೋದ ಕುಟುಂಬಗಳಿಗೂ ಇಂಥ ಸೂರು ಬೇಕು. ಹತ್ತಿ ಬಿಡಿಸಲು ಬಂದು ಹೊಲದ ಬದುವಿನಲ್ಲಿ ಹರಿದ ತಾಡಪತ್ರಿ ಕೆಳಗೆ ಮಲಗುವವರಿಗೂ ಬೇಕು.

ನಾನು ಕೆಡಿಸಿದ ಎರಡು ಮಾದರಿ

ನೀವು ಅದೇ ತಪ್ಪು ಮಾಡಬಾರದು ಅಂತ ಹೇಳುತ್ತಿದ್ದೇನೆ. ಮೊದಲನೆಯದು ಪಿವಿಸಿ ಪೈಪಿನದು. ಹಗುರ, ಅಗ್ಗ, ಬಾಗಿಸಿ ಕಮಾನು ಮಾಡಬಹುದು. ಏಪ್ರಿಲ್‌ನಲ್ಲಿ ಅಂಗಡಿ ಮುಂದೆ ನಿಲ್ಲಿಸಿದೆ. ನಮ್ಮ ಬಿಸಿಲು ನಿಮಗೆ ಗೊತ್ತಲ್ಲ, 40 ಡಿಗ್ರಿ ಇಲ್ಲಿ ಮಾಮೂಲು. ಮಧ್ಯಾಹ್ನಕ್ಕೆ ಕಮಾನು ಮುದುಕನ ಬೆನ್ನಿನಂತೆ ಬಗ್ಗಿತು. ಸಂಜೆ ತಣ್ಣಗಾದ ಮೇಲೂ ಹಾಗೇ ಉಳಿಯಿತು.

ಎರಡನೆಯದಕ್ಕೆ ಕಬ್ಬಿಣ ಹಾಕಿದೆ, ಆದರೆ ಹಗ್ಗಕ್ಕೆ ಬೆಲೆ ಕೊಡಲಿಲ್ಲ. ಮೇ ತಿಂಗಳ ಗಾಳಿಮಳೆಗೆ ಅದು ಎದ್ದು, ಪಕ್ಕದ ಗ್ಯಾರೇಜಿನ ತಗಡಿನ ಮೇಲೆ ಹೋಗಿ ಕೂತಿತು. ಗಾಳಿಯ ಲೆಕ್ಕ ಆಮೇಲೆ ಹೇಳುತ್ತೇನೆ.

ಬಿದಿರು ಯಾಕೆ ಬೇಡ ಅಂತ ಕೆಲವರು ಕೇಳುತ್ತಾರೆ. ಬೇಡ ಅಂತಲ್ಲ. ಮೂರು ನಾಲ್ಕು ವರ್ಷ ಬಲಿತ ಬಿದಿರನ್ನು ಬೋರಾಕ್ಸ್, ಬೋರಿಕ್ ಆಸಿಡ್ ನೀರಿನಲ್ಲಿ ನೆನೆಸಿ ಒಣಗಿಸಿದರೆ ಹುಳ ಹತ್ತುವುದಿಲ್ಲ. 2001ರ ಭುಜ್ ಭೂಕಂಪದ ಬಳಿಕ ಜಪಾನಿನ ವಾಸ್ತುಶಿಲ್ಪಿ ಶಿಗೆರು ಬಾನ್ ಅಲ್ಲಿ ರಟ್ಟಿನ ಕೊಳವೆ, ಸೀಳಿದ ಬಿದಿರು, ಚಾಪೆಯಿಂದ ಮನೆ ಕಟ್ಟಿಸಿದರು. ತಳಪಾಯಕ್ಕೆ ಬಿದ್ದ ಮನೆಗಳ ಕಲ್ಲುಮಣ್ಣು, ಮೇಲೆ ಮಣ್ಣಿನ ನೆಲ. ಕೈಗೆ ಸಿಕ್ಕಿದ್ದರಲ್ಲೇ ಕಟ್ಟಿದರು ಅನ್ನುವುದು ನನಗೆ ಹಿಡಿಸಿದ್ದು. ಆದರೆ ನಮ್ಮ ಕೈಗೆ ಸಿಗುವುದೇ ಬೇರೆ. ಒಳ್ಳೆಯ ಬಿದಿರು ನಮಗೆ ಹೊರಗಿನಿಂದ ಬರಬೇಕು. ಜಿಐ ಪೈಪು, ಅಂದರೆ ಸತು ಲೇಪದ ಕಬ್ಬಿಣದ ಪೈಪು, ಪ್ರತಿ ಹೋಬಳಿಯಲ್ಲೂ ಇದೆ, ಬೋರ್‌ವೆಲ್ ದಯೆಯಿಂದ.

ಅಳತೆ ಬಂದದ್ದು ಹೀಗೆ

ಪರಿಹಾರ ಕೆಲಸದವರು ಎಲ್ಲೆಡೆ ಬಳಸುವ ಸ್ಫಿಯರ್ ಕೈಪಿಡಿಯಲ್ಲಿ ಒಬ್ಬರಿಗೆ ಕನಿಷ್ಠ 3.5 ಚದರ ಮೀಟರ್ ಸೂರಿನಡಿಯ ಜಾಗ ಅಂತಿದೆ. ನಮ್ಮ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರವೂ ಇದೇ ಲೆಕ್ಕ ಹೇಳುತ್ತದೆ. ಅಡಿ ಲೆಕ್ಕದಲ್ಲಿ ಸುಮಾರು 38 ಚದರ ಅಡಿ. ನಾಲ್ಕು ಜನಕ್ಕೆ 152.

ಪೈಪು ಅಂಗಡಿಗೆ ಹೋಗಿ. ಜಿಐ ಪೈಪು 6 ಮೀಟರ್ ಉದ್ದ ಬರುತ್ತದೆ, ಅಂದರೆ 19 ಅಡಿ 8 ಇಂಚು. ಅದನ್ನು ಆರೂವರೆ ಅಡಿಯಂತೆ ಮೂರು ತುಂಡು ಮಾಡಿ. ಉಳಿಯುವುದು ಎರಡಿಂಚು, ಅದರಲ್ಲಿ ಒಂದಿಷ್ಟನ್ನು ಬ್ಲೇಡು ತಿನ್ನುತ್ತದೆ. ವ್ಯರ್ಥ ಅನ್ನುವುದೇ ಇಲ್ಲ. ಈ ಆರೂವರೆ ಅಡಿಯೇ ನಮ್ಮ ಸೂರಿನ ಒಂದೇ ಒಂದು ಅಳತೆ. ಕಾಲೂ ಅಷ್ಟೇ, ಮೇಲಿನ ಇಳಿಜಾರು ಪೈಪೂ ಅಷ್ಟೇ, ಉದ್ದಕ್ಕೆ ಹೋಗುವ ಅಡ್ಡ ಪೈಪೂ ಅಷ್ಟೇ. ಕತ್ತಲಲ್ಲಿ ಯಾವುದು ಎಲ್ಲಿಗೆ ಅಂತ ಹುಡುಕಬೇಕಿಲ್ಲ. ಯಾವುದು ಕೈಗೆ ಬಂತೋ ಅದೇ.

ಸೂರಿನ ಅಗಲ 12 ಅಡಿ, ಉದ್ದ 13 ಅಡಿ. ಒಟ್ಟು 156 ಚದರ ಅಡಿ. ಮೂರು ಕಮಾನು, ಒಂದರಿಂದ ಇನ್ನೊಂದಕ್ಕೆ ಆರೂವರೆ ಅಡಿ. ಪ್ರತಿ ಕಮಾನಿಗೆ ಎರಡು ಕಾಲು, ಎರಡು ಇಳಿಜಾರು. ಅಲ್ಲಿಗೆ 12 ತುಂಡು. ನೆತ್ತಿಗೆ ಒಂದು ಸಾಲು, ಎರಡು ಭುಜಕ್ಕೆ (ಕಾಲು, ಇಳಿಜಾರು ಕೂಡುವ ಕಡೆ) ಒಂದೊಂದು ಸಾಲು, ಪ್ರತಿ ಸಾಲಿಗೆ ಎರಡು ಅಡ್ಡ ಪೈಪು. ಅಲ್ಲಿಗೆ 6 ತುಂಡು. ಒಟ್ಟು 18, ಅಂದರೆ ಸರಿಯಾಗಿ ಆರು ಪೈಪು. ಈ ಲೆಕ್ಕ ಕೂಡಿ ಬಂದ ದಿನ ನಾನು ಅಂಗಡಿ ಬೇಗ ಮುಚ್ಚಿ ಎಲ್ಲರಿಗೂ ಮಿರ್ಚಿ ಮಂಡಕ್ಕಿ ಕೊಡಿಸಿದೆ.

ಮನೆಯಲ್ಲಿ ಆರು ಜನ ಇದ್ದರೆ ಒಂದು ಕಮಾನು ಸೇರಿಸಿ. ನಾಲ್ಕು ತುಂಡು ಕಮಾನಿಗೆ, ಮೂರು ಅಡ್ಡಕ್ಕೆ. ಉದ್ದ ಹತ್ತೊಂಬತ್ತೂವರೆ ಅಡಿ ಆಗುತ್ತದೆ, 234 ಚದರ ಅಡಿ ಸಿಗುತ್ತದೆ.

ಕಾಲು ಒಂದೂವರೆ ಅಡಿ ನೆಲದೊಳಗೆ, 5 ಅಡಿ ಮೇಲೆ. ನೆತ್ತಿ ಅದಕ್ಕಿಂತ ಎರಡೂವರೆ ಅಡಿ ಎತ್ತರ. ಅಂದರೆ ನಡುವೆ ಏಳೂವರೆ ಅಡಿ, ಎತ್ತರದ ಮನುಷ್ಯನೂ ತಲೆ ಬಗ್ಗಿಸಬೇಕಿಲ್ಲ. ಮಳೆ ನೀರು ಜಾರಲು ಈ ಇಳಿಜಾರು ಸಾಕು.

ಬೇಕಾದ ಸಾಮಾನು

ಮುಕ್ಕಾಲು ಇಂಚಿನ ಮೀಡಿಯಂ ಕ್ಲಾಸ್ ಜಿಐ ಪೈಪು ಆರು. ಗಂಟು ಮಾಡಲು ಒಂದು ಇಂಚಿನ ಪೈಪು ಒಂದು. 8 ಎಂಎಂ ಬೋಲ್ಟು, ನಟ್ಟು, ವಾಷರು 40 ಜೊತೆ. 13 ನಂಬರಿನ ಪಾನಾ ಎರಡು. ತಾಡಪತ್ರಿ 18 ಅಡಿಗೆ 24 ಅಡಿಯದು ಒಂದು, 12 ಅಡಿಗೆ 18 ಅಡಿಯದು ಒಂದು. ಮೇಲಿನ ನೆರಳಿಗೆ ಶೇಡ್ ನೆಟ್ಟು. ನೈಲಾನ್ ಹಗ್ಗ ಧಾರಾಳವಾಗಿ, ಇದರಲ್ಲಿ ಜಿಪುಣತನ ಬೇಡ. ಖಾಲಿ ಗೊಬ್ಬರದ ಚೀಲ, ಗೋಣಿ ತಟ್ಟು, ಪಂಕ್ಚರ್ ಅಂಗಡಿಯಲ್ಲಿ ಬಿಸಾಡುವ ಹಳೇ ಸೈಕಲ್ ಟ್ಯೂಬು, ಎರಡು ಹಳೇ ಸೀರೆ. ನಿಲುಗೋಲಿಗೆ ಬಳ್ಳಾರಿ ಜಾಲಿ. ಅದನ್ನು ಕೊಳ್ಳಬೇಕಾ? ಕಡಿದು ಒಯ್ದರೆ ಹೊಲದವನೇ ಚಹಾ ಕುಡಿಸುತ್ತಾನೆ.

ತಾಡಪತ್ರಿ ಕೊಳ್ಳುವಾಗ ಬಣ್ಣ ನೋಡಿ ಮರುಳಾಗಬೇಡಿ. ಜಿಎಸ್‌ಎಂ ಕೇಳಿ, ಅಂದರೆ ಒಂದು ಚದರ ಮೀಟರ್ ಎಷ್ಟು ಗ್ರಾಂ ತೂಗುತ್ತದೆ ಅಂತ. 200 ಜಿಎಸ್‌ಎಂ ಇರಲಿ, ಎರಡೂ ಕಡೆ ಪ್ಲಾಸ್ಟಿಕ್ ಲೇಪ ಇರಲಿ, ಬಿಸಿಲು ತಡೆಯುವ ಯುವಿ ಮಾಲಿರಲಿ. ಮೇಲ್ಮೈ ಬಿಳಿ ಅಥವಾ ಬೆಳ್ಳಿ ಬಣ್ಣ ಇದ್ದರೆ ಒಳ್ಳೆಯದು. ಕಪ್ಪು ಬೇಡವೇ ಬೇಡ.

ಗಂಟು ಬೆಸೆಯುವುದು

ಕೆಲಸದ ಮುಕ್ಕಾಲು ಪಾಲು ಇಲ್ಲೇ ಇದೆ, ನಿಧಾನವಾಗಿ ಓದಿ.

ಎರಡೇ ಬಗೆಯ ಗಂಟು. ಕಾಲು, ಇಳಿಜಾರು, ಅಡ್ಡ ಪೈಪು ಸೇರುವುದು ಭುಜದ ಗಂಟು, ಅದು ಆರು ಬೇಕು. ಎರಡು ಇಳಿಜಾರು ಮೇಲೆ ಸೇರುವುದು ನೆತ್ತಿಯ ಗಂಟು, ಅದು ಮೂರು. ಪ್ರತಿ ಗಂಟಿಗೂ ನಾಲ್ಕು ಮೂತಿ, ಅಂದರೆ ಪೈಪಿನ ತುದಿ ತೂರಿಸುವ ಕೊಳವೆ ತುಂಡು. ಪ್ರತಿ ಮೂತಿ ಐದು ಇಂಚು. 36 ಮೂತಿ, ಒಟ್ಟು 15 ಅಡಿ. ಒಂದು ಇಂಚಿನ ಒಂದು ಪೈಪಿನಲ್ಲಿ ಮುಗಿದು ಇನ್ನೂ ಉಳಿಯುತ್ತದೆ.

ತುದಿಯ ಕಮಾನುಗಳಿಗೆ ಒಂದೇ ಕಡೆ ಅಡ್ಡ ಪೈಪು ಇರುತ್ತದಲ್ಲ, ಅಲ್ಲಿ ಮೂರೇ ಮೂತಿ ಸಾಕಲ್ವಾ ಅಂತ ನಿಮಗೆ ಅನ್ನಿಸಬಹುದು. ನಾನೂ ಹಾಗೇ ಮಾಡಿದ್ದೆ. ಆಗ ಗಂಟು ನಾಲ್ಕು ಬಗೆ ಆದವು, ಹುಡುಗರು ಎಡದ್ದು ಬಲಕ್ಕೆ ಹಾಕಿ ಅರ್ಧ ಗಂಟೆ ಬೈದಾಡಿದರು. ಎಲ್ಲದಕ್ಕೂ ನಾಲ್ಕು ಮೂತಿ ಇಡಿ. ಹೊರಗೆ ಚಾಚಿದ ಖಾಲಿ ಮೂತಿಗೆ ಮುಂದೆ ಪಡಸಾಲೆಯ ಕೋಲು ಸಿಕ್ಕಿಸಬಹುದು.

ಮುಕ್ಕಾಲು ಇಂಚಿನ ಪೈಪು ಒಂದು ಇಂಚಿನ ಪೈಪಿನೊಳಗೆ ಕೂರುತ್ತದೆ, ಆದರೆ ತುಂಬಾ ಬಿಗಿ. ಒಳಗೆ ಸತುವಿನ ಗಂಟಿದ್ದರೆ ಸಿಕ್ಕಿಕೊಳ್ಳುತ್ತದೆ. ಅದಕ್ಕೆ ಅಂಗಡಿಗೆ ಹೋಗುವಾಗ ಒಂದು ತುಂಡು ಕೈಯಲ್ಲಿ ಹಿಡಿದು ಹೋಗಿ, ಅಲ್ಲೇ ತೂರಿಸಿ ನೋಡಿ. ಮೂತಿಗೆ ತೆಳು ಕ್ಲಾಸಿನ ಪೈಪು ತೆಗೆದುಕೊಂಡರೆ ಸಲೀಸು.

ಕೋನ ಅಳೆಯಲು ಯಾವ ಉಪಕರಣವೂ ಬೇಡ. ಅಂಗಡಿಯ ನೆಲದ ಮೇಲೆ ಸುಣ್ಣದಲ್ಲಿ ಕಮಾನನ್ನು ನಿಜ ಅಳತೆಯಲ್ಲಿ ಬರೆಯಿರಿ. 12 ಅಡಿ ಅಗಲ, 5 ಅಡಿ ಭುಜ, ನಟ್ಟನಡುವೆ ಏಳೂವರೆ ಅಡಿ. ಪೈಪುಗಳನ್ನು ಗೆರೆ ಮೇಲೆ ಇಟ್ಟು, ಮೂತಿ ಹಾಕಿ, ಅಲ್ಲೇ ಚುಕ್ಕೆ ಬೆಸುಗೆ ಕೊಡಿ. ಭುಜದಲ್ಲಿ ಸುಮಾರು 113 ಡಿಗ್ರಿ, ನೆತ್ತಿಯಲ್ಲಿ 135 ಬರುತ್ತದೆ. ಮೊದಲ ಗಂಟು ಸರಿ ಬಂದರೆ ಅದನ್ನೇ ಅಚ್ಚು ಮಾಡಿಕೊಂಡು ಉಳಿದವನ್ನು ಬೆಸೆಯಿರಿ.

ಜಿಐ ಪೈಪು ಬೆಸೆಯುವಾಗ ಬಿಳಿ ಹೊಗೆ ಬರುತ್ತದೆ, ಸತುವಿನ ಹೊಗೆ. ಅದನ್ನು ಕುಡಿದರೆ ರಾತ್ರಿ ಚಳಿಜ್ವರ ಬರುತ್ತದೆ. ಬೆಸೆಯುವ ಜಾಗದ ಸತು ಉಜ್ಜಿ ತೆಗೆಯಿರಿ, ಬಯಲಲ್ಲಿ ಗಾಳಿಗೆ ಬೆನ್ನು ಕೊಟ್ಟು ಕೂತು ಕೆಲಸ ಮಾಡಿ. ಆಮೇಲೆ ಬೆಸುಗೆ ಮೇಲೆ ಝಿಂಕ್ ಪೇಂಟು ಹಚ್ಚಿ, ಇಲ್ಲದಿದ್ದರೆ ತುಕ್ಕು ಶುರುವಾಗುವುದು ಅಲ್ಲಿಂದಲೇ.

ತೂತು: ಪ್ರತಿ ಪೈಪಿನ ಎರಡೂ ತುದಿಯಿಂದ ಎರಡೂವರೆ ಇಂಚಿಗೆ, 9 ಎಂಎಂ. ಒಂದು ಕೂದಲೆಳೆ ಆಚೀಚೆ ಆದರೂ ಒಂದೇ ಅಳತೆ ಅನ್ನುವ ಮಾತು ಸುಳ್ಳಾಗುತ್ತದೆ. ಅದಕ್ಕೆ ಒಂದು ಮೂತಿಗೆ ತೂತು ಕೊರೆದು ಟೋಪಿಯಂತೆ ಮಾಡಿಕೊಳ್ಳಿ. ಪ್ರತಿ ಪೈಪಿಗೂ ಅದೇ ಟೋಪಿ ತೊಡಿಸಿ, ಅದರ ತೂತಿನಲ್ಲೇ ಡ್ರಿಲ್ಲು ಇಳಿಸಿ. ಒಂದು ಪೈಪಿನ ಎರಡು ತುದಿಯ ತೂತು ಒಂದೇ ದಿಕ್ಕಿಗೆ ನೋಡಬೇಕು. ಒಟ್ಟು 30 ಬೋಲ್ಟು ಹಿಡಿಯುತ್ತವೆ. 40 ತರಲು ಹೇಳಿದ್ದು ಯಾಕೆ ಅಂದರೆ ಕೆಸರಿಗೆ ಬೋಲ್ಟು ಕಂಡರೆ ಬಲು ಪ್ರೀತಿ.

ತೊಟ್ಟಿಲಿನ ಮಾತು

ಮೂರನೇ ಮಾದರಿ ತಯಾರಾದಾಗ ಹೊಳೆ ದಂಡೆಯ ಊರಿಗೆ ಒಯ್ದು ನಿಲ್ಲಿಸಿದೆವು. ಒಬ್ಬ ಅಜ್ಜಿ ಒಳಗೆ ಹೋದಳು. ಸುತ್ತ ಒಂದು ಸಲ ನೋಡಿದಳು. ನೆತ್ತಿಯ ಪೈಪನ್ನು ಕೋಲಿನಿಂದ ಟಣ್ ಅನ್ನಿಸಿ ಕೇಳಿದಳು: ‘ಯಪ್ಪಾ, ಇದ್ರಾಗ ತೊಟ್ಲ ಎಲ್ಲಿ ಕಟ್ಟದು?’

ನಾನು ಗಾಳಿ ಲೆಕ್ಕ ಮಾಡಿದ್ದೆ, ಮಳೆ ಲೆಕ್ಕ ಮಾಡಿದ್ದೆ. ಕೂಸಿನ ಲೆಕ್ಕ ಮಾಡಿರಲಿಲ್ಲ. ಸೀರೆಯ ಜೋಳಿಗೆ ತೊಟ್ಟಿಲು ಪೈಪಿನ ನಡುವೆ ತೂಗಿದರೆ ಪೈಪು ಜಗ್ಗುತ್ತದೆ, ತೂಗಿದಂತೆ ಬೋಲ್ಟು ಸಡಿಲಾಗುತ್ತದೆ. ಅದಕ್ಕೆ ನಡುವಿನ ಕಮಾನಿನ ನೆತ್ತಿಯ ಗಂಟಿನ ಕೆಳಗೆ ಒಂದು ಕಬ್ಬಿಣದ ಬಳೆ ಬೆಸೆಯಿರಿ. ಭಾರ ಎರಡು ಇಳಿಜಾರಿಗೂ ಹಂಚಿ ಹೋಗಿ ಕಾಲಿಗೆ ಇಳಿಯುತ್ತದೆ. ಅದೇ ಬಳೆಗೆ ರಾತ್ರಿ ಸೋಲಾರ್ ಲಾಟೀನು, ಹಗಲು ರೊಟ್ಟಿ ಬುಟ್ಟಿ. ಬಟ್ಟೆ ಒಣಹಾಕುವ ಹಗ್ಗಕ್ಕೂ ಭುಜದ ಗಂಟುಗಳಲ್ಲಿ ಕೊಂಡಿ ಇಡಿ. ನೀವು ಇಡದಿದ್ದರೆ ಜನ ಹೇಗೂ ಎಲ್ಲೋ ಕಟ್ಟುತ್ತಾರೆ, ಕಟ್ಟಬಾರದ ಕಡೆಯೇ ಕಟ್ಟುತ್ತಾರೆ.

ಜಾಗ ಹುಡುಕುವುದು

ಊರ ಹಿರಿಯರನ್ನು ಕೇಳಿ, 2009ರಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು? ಗುಡಿಯ ಗೋಡೆ ತೋರಿಸುತ್ತಾರೆ. ಅದಕ್ಕಿಂತ ಮೇಲೆ ಹೋಗಿ. ಒಣಗಿದ ಹಳ್ಳದ ಪಾತ್ರ ಎಷ್ಟು ಸಪಾಟಾಗಿದ್ದರೂ ಬೇಡ. ಕರೆಂಟು ತಂತಿ ಕೆಳಗೆ ಬೇಡ, ಒಂಟಿ ಮರದ ಕೆಳಗೂ ಬೇಡ.

ಮಣ್ಣು ನೋಡಿ. ಎರೆ ಮಣ್ಣು ಒಣಗಿದಾಗ ಕೈ ಹೋಗುವಷ್ಟು ಬಿರಿಯುತ್ತದೆ, ನೆಂದಾಗ ಉಬ್ಬಿ ಬೆಣ್ಣೆಯಾಗುತ್ತದೆ. ಅದರಲ್ಲಿ ಗೂಟ ನಿಲ್ಲುವುದಿಲ್ಲ. ಮಸಾರಿ (ಕೆಂಪು ಮಣ್ಣು) ಅಥವಾ ಗರಸು (ಸಣ್ಣ ಕಲ್ಲು ಬೆರೆತ ಮಣ್ಣು) ನೆಲ ಸಿಕ್ಕರೆ ಅದೇ ಪುಣ್ಯ. ಸಿಂಧನೂರು ಕಡೆ ಎರೆಯೇ ಜಾಸ್ತಿ, ಬೇರೆ ದಾರಿ ಇಲ್ಲ. ಆಗ ಗರಸು ಹೊಡೆಸಿ ಅರ್ಧ ಅಡಿ ಎತ್ತರ ಮಾಡಿ ಅದರ ಮೇಲೆ ಕಟ್ಟಿ. ಆನೆಗೊಂದಿ, ಕಂಪ್ಲಿ ಕಡೆ ಇದಕ್ಕೆ ಉಲ್ಟಾ, ಹಾರೆ ಹಾಕಿದರೆ ಬಂಡೆ. ಅಲ್ಲಿ ಕಾಲಿನ ಬುಡಕ್ಕೆ ಅಂಗೈ ಅಗಲದ ತಗಡು ಬೆಸೆದು, ಸುತ್ತ ಕಲ್ಲಿನ ಮೂಟೆ ಪೇರಿಸಿ. ಸೂರು ಒಂದೂವರೆ ಅಡಿ ಎತ್ತರವಾಗುತ್ತದೆ, ಬುಡದಲ್ಲಿ ಉಳಿದ ಸಂದಿಯನ್ನು ಕಲ್ಲು ಜೋಡಿಸಿ ಮುಚ್ಚಿ.

ದಿಕ್ಕು ಮುಖ್ಯ. ನೆತ್ತಿಯ ಸಾಲು ಮೂಡಣ ಪಡುವಣವಾಗಿ ಓಡಲಿ. ಬಾಗಿಲು ಮೂಡಣಕ್ಕೆ. ಮುಂಗಾರಿನ ಗಾಳಿ ಪಡುವಣದಿಂದ ಬರುತ್ತದೆ, ಮಧ್ಯಾಹ್ನದ ಸುಡುಬಿಸಿಲೂ ಅಲ್ಲಿಂದಲೇ. ಎರಡಕ್ಕೂ ಮುಚ್ಚಿದ ಹಿಂಬದಿ ಎದುರಾಗುತ್ತದೆ. ತೆರೆದು ಎತ್ತುವ ರೆಕ್ಕೆಗಳು, ಅಂದರೆ ಎರಡೂ ಪಕ್ಕ ಇಳಿಬೀಳುವ ತಾಡಪತ್ರಿ, ಬಡಗಣ, ತೆಂಕಣಕ್ಕೆ ಬರುತ್ತವೆ.

ಎರಡು ಸೂರಿನ ನಡುವೆ ಕನಿಷ್ಠ 2 ಮೀಟರ್, ಆದರೆ ಸೂರಿನ ಎತ್ತರದ ಎರಡು ಪಟ್ಟು ಬಿಟ್ಟರೆ ಚೆನ್ನ. ತಾಡಪತ್ರಿಗೆ ಬೆಂಕಿ ಬಿದ್ದರೆ ಕರಗಿದ ಪ್ಲಾಸ್ಟಿಕ್ ಮೈಮೇಲೆ ಸುರಿಯುತ್ತದೆ. ಒಲೆ ಹೊರಗೇ ಇರಲಿ, ಗಾಳಿ ಹೋಗುವ ದಿಕ್ಕಿಗೆ. ಶೌಚದ ಗುಂಡಿ ಬಾವಿ, ಬೋರಿನಿಂದ 30 ಮೀಟರ್ ದೂರ ಇರಲಿ, ಆದರೆ ಸೂರಿನಿಂದ 50 ಮೀಟರ್ ದಾಟಬಾರದು. ದಾಟಿದರೆ ಹೆಣ್ಣುಮಕ್ಕಳು ರಾತ್ರಿ ಹೋಗುವುದಿಲ್ಲ. ಸಂಜೆಯಿಂದ ನೀರು ಕುಡಿಯುವುದನ್ನೇ ಬಿಡುತ್ತಾರೆ.

ಕಟ್ಟುವ ಕ್ರಮ

1. ದಾರ ಹಿಡಿದು 12ಕ್ಕೆ 13 ಅಡಿ ಗುರುತು ಮಾಡಿ. ಮೂಲೆಯಿಂದ ಮೂಲೆಗೆ ಅಳೆಯಿರಿ. ಎರಡೂ ಕಡೆ 17 ಅಡಿ 8 ಇಂಚು ಬಂದರೆ ಸೂರು ಸೊಟ್ಟಗಾಗುವುದಿಲ್ಲ.

2. ಆರು ಕುಣಿ ತೋಡಿ, ಒಂದೂವರೆ ಅಡಿ ಆಳ. ತಳಕ್ಕೆ ಒಂದೊಂದು ಚಪ್ಪಟೆ ಕಲ್ಲು ಹಾಕಿ. ಇಲ್ಲದಿದ್ದರೆ ಎರೆಯಲ್ಲಿ ಕಾಲು ಇಳಿಯುತ್ತಲೇ ಹೋಗುತ್ತದೆ.

3. ಕಮಾನುಗಳನ್ನು ನೆಲದ ಮೇಲೇ ಜೋಡಿಸಿ. ಬೋಲ್ಟು ಕೈಯಿಂದ ತಿರುಗಿಸಿ ಅಷ್ಟೇ, ಪಾನಾ ಈಗಲೇ ಹಾಕಬೇಡಿ. ಮೊದಲ ಕಮಾನು ಎತ್ತಿ ಕುಣಿಗಿಳಿಸಿ, ಹಗ್ಗದಿಂದ ಮುಂದೆ ಹಿಂದೆ ಕಟ್ಟಿ. ಎರಡನೆಯದನ್ನು ಎತ್ತಿ ಅಡ್ಡ ಪೈಪು ಸಿಕ್ಕಿಸಿ. ಆಮೇಲೆ ಮೂರನೆಯದು. ಎಲ್ಲ ನಿಂತ ಮೇಲೆ ಬೋಲ್ಟು ಬಿಗಿ ಮಾಡಿ, ಕುಣಿಗೆ ಕಲ್ಲು ಗರಸು ತುಂಬಿ ದಮ್ಮಸು ಮಾಡಿ.

4. ಹಗ್ಗ. ತಾಡಪತ್ರಿ ಹಾಕುವ ಮೊದಲೇ ಹಗ್ಗ ಬಿಗಿಯಬೇಕು. ಎರಡೂ ಪಕ್ಕದ ಗೋಡೆಗಳಲ್ಲಿ ಗುಣಿಸುವ ಗುರುತಿನಂತೆ ಅಡ್ಡಡ್ಡ ಕಟ್ಟಿ, ನಡುವೆ ಕೋಲು ತೂರಿಸಿ ಮುರಿ ಹಾಕಿ ಬಿಗಿಯಿರಿ. ಪ್ರತಿ ಭುಜದ ಗಂಟಿನಿಂದ ಎರಡಡಿ ಹೊರಗಿನ ಗೂಟಕ್ಕೆ ಒಂದೊಂದು ಹಗ್ಗ. ಮುಂದೆ, ಹಿಂದೆ ನೆತ್ತಿಯಿಂದಲೂ ಒಂದೊಂದು. ಇಳಿಜಾರಿನ ಮೇಲೆ ಹೊರಸು ಹೆಣೆದಂತೆ ಹಗ್ಗ ಹೆಣೆಯಿರಿ. ಇಲ್ಲದಿದ್ದರೆ ಪೈಪುಗಳ ನಡುವೆ ತಾಡಪತ್ರಿ ಜೋತು ನೀರು ನಿಲ್ಲುತ್ತದೆ.

ಎರೆ ಮಣ್ಣಿಗೆ ಗೂಟ ನಂಬಬೇಡಿ. ಎರಡಡಿ ಕುಣಿ ತೋಡಿ, ಮೊಳಕೈ ಉದ್ದದ ಜಾಲಿ ತುಂಡನ್ನು ಅಡ್ಡ ಮಲಗಿಸಿ, ಅದರ ನಡುವಿಗೆ ಹಗ್ಗ ಕಟ್ಟಿ ಮೇಲೆ ತನ್ನಿ. ಮೇಲೆ ಕಲ್ಲು ತುಂಬಿದ ಗೊಬ್ಬರದ ಚೀಲ ಇಟ್ಟು ಮಣ್ಣು ಮುಚ್ಚಿ ತುಳಿಯಿರಿ. ಹೀಗೆ ಹೂತ ಹಗ್ಗ ಎತ್ತು ಎಳೆದರೂ ಬರುವುದಿಲ್ಲ.

ಗಾಳಿಯ ಲೆಕ್ಕ ಹೇಳುತ್ತೇನೆ ಅಂದೆನಲ್ಲ. ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟು. ಗಂಟೆಗೆ 30 ಕಿಲೋಮೀಟರ್ ಗಾಳಿ ಒಂದು ಚದರ ಮೀಟರಿಗೆ ನಾಲ್ಕು ಕಿಲೋ ತೂಕದಷ್ಟು ನೂಕುತ್ತದೆ. 60 ಆದರೆ 17 ಕಿಲೋ. ನಮ್ಮ ಸೂರಿನ ಪಕ್ಕ ಸುಮಾರು 9 ಚದರ ಮೀಟರ್. ಅಂದರೆ 150 ಕಿಲೋ, ಮೂರು ಚೀಲ ಸಿಮೆಂಟಿನ ಭಾರ ಒಟ್ಟಿಗೆ ನೂಕಿದ ಹಾಗೆ. ಇಡೀ ಸೂರಿನ ತೂಕ 90 ಕಿಲೋ ಇಲ್ಲ. ನನ್ನ ಎರಡನೇ ಮಾದರಿ ಗ್ಯಾರೇಜಿನ ಮೇಲೆ ಕೂತದ್ದರಲ್ಲಿ ಆಶ್ಚರ್ಯ ಏನಿದೆ.

5. ಗಂಟುಗಳಿಗೆಲ್ಲ ಸೈಕಲ್ ಟ್ಯೂಬು ಸುತ್ತಿ. ಬೋಲ್ಟಿನ ತಲೆ ತಾಡಪತ್ರಿಯನ್ನು ಒಂದೇ ರಾತ್ರಿಯಲ್ಲಿ ಕೊರೆಯುತ್ತದೆ.

6. ದೊಡ್ಡ ತಾಡಪತ್ರಿಯ 24 ಅಡಿ ಅಡ್ಡಕ್ಕೆ ಬರಲಿ, 18 ಅಡಿ ಉದ್ದಕ್ಕೆ. ಹಿಂದೆ ಒಂದು ಅಡಿ ಬಿಟ್ಟರೆ ಮುಂದೆ ನಾಲ್ಕು ಅಡಿ ಪಡಸಾಲೆ ಸಿಗುತ್ತದೆ. ಅಡ್ಡಕ್ಕೆ 13 ಅಡಿ ಮಾಡಿಗೆ ಹೋದರೆ ಎರಡೂ ಪಕ್ಕ ಐದೂವರೆ ಅಡಿ ಉಳಿಯುತ್ತದೆ. ಅದೇ ರೆಕ್ಕೆ. ಹಗಲಿನಲ್ಲಿ ಜಾಲಿ ಕೋಲು ಕೊಟ್ಟು ರೆಕ್ಕೆ ಎತ್ತಿ, ಗಾಳಿ ಆಡುತ್ತದೆ, ಆಡು ಮರಿಗೂ ನೆರಳು. ರಾತ್ರಿ ಅಥವಾ ಮಳೆ ಬಂದಾಗ ಇಳಿಸಿ. ರೆಕ್ಕೆ ನೆಟ್ಟಗೆ ಬೀಳುವುದಿಲ್ಲ, ಎರಡಡಿಗೂ ಸ್ವಲ್ಪ ಜಾಸ್ತಿ ಹೊರಗೆ ಚಾಚಿ ಇಳಿಯುತ್ತದೆ. ಹಾಗಾಗಿ ಭುಜದ ಹಗ್ಗ, ಗೂಟ ಎಲ್ಲ ಅದರೊಳಗೇ ಉಳಿಯುತ್ತವೆ. ಕತ್ತಲಲ್ಲಿ ಯಾರೂ ಎಡವುವುದಿಲ್ಲ. ರೆಕ್ಕೆಯ ಅಂಚಿಗೆ ಹಳೇ ತಾಡಪತ್ರಿಯ ಒಂದೂವರೆ ಅಡಿ ಸೆರಗು ಹೊಲಿದು, ಅದರ ಮೇಲೆ ಮಣ್ಣು ಎಳೆಯಿರಿ. ನೆರೆ ಬಂದಾಗ ಹಾವು, ಚೇಳೂ ಒಣ ನೆಲ ಹುಡುಕುತ್ತವೆ.

ತಾಡಪತ್ರಿಯ ಹಿತ್ತಾಳೆ ಕಣ್ಣು ಗಾಳಿಗೆ ಕಿತ್ತು ಬರುತ್ತದೆ. ಬಂದರೆ ಬರಲಿ. ಗೋಲಿ ಗಾತ್ರದ ನುಣುಪು ಕಲ್ಲನ್ನು ಒಳಗಿನಿಂದ ತಾಡಪತ್ರಿಗೆ ಒತ್ತಿ ಹಿಡಿಯಿರಿ. ಹೊರಗೆ ಉಬ್ಬಿದ ಗುಂಡಿಯ ಕುತ್ತಿಗೆಗೆ ಹಗ್ಗದ ಕುಣಿಕೆ ಹಾಕಿ ಜಗ್ಗಿ. ತೂತಿಲ್ಲ, ಹರಿಯುವುದಿಲ್ಲ, ಬೇಕಾದ ಕಡೆ ಹಾಕಬಹುದು.

7. ಸಣ್ಣ ತಾಡಪತ್ರಿಯನ್ನು 12ಕ್ಕೆ 9 ಅಡಿಯ ಎರಡು ತುಂಡು ಮಾಡಿ. ಒಂದು ಹಿಂಬದಿಗೆ, ಒಂದು ಮುಂಬದಿಗೆ. ಎರಡರಲ್ಲೂ ನೆತ್ತಿಯ ಕೆಳಗೆ ಅಂಗೈ ಅಗಲ ಖಾಲಿ ಬಿಡಿ, ಬಿಸಿಗಾಳಿ ಅಲ್ಲಿಂದ ಹೊರಗೆ ಹೋಗುತ್ತದೆ. ರೆಕ್ಕೆ ಹೊರಗೆ ಚಾಚುವುದರಿಂದ ಮೂಲೆಗಳಲ್ಲಿ ಮೂರು ಮೂಲೆಯ ಸಂದಿ ಉಳಿಯುತ್ತದೆ. ಗೋಣಿ ತಟ್ಟು ಹೊಲಿದು ಮುಚ್ಚಿ. ಈ ಸಂದಿ ನನ್ನ ವಿನ್ಯಾಸದ ಕುಂದು, ಇನ್ನೂ ಒಳ್ಳೆಯ ದಾರಿ ಹೊಳೆದಿಲ್ಲ.

8. ಶೇಡ್ ನೆಟ್ಟನ್ನು ಮಾಡಿಗೆ ತಾಗಿಸದೆ ಒಂದಡಿ ಮೇಲೆ ಕಟ್ಟಿ. ನಡುವೆ ಗಾಳಿ ಓಡಾಡಬೇಕು. ತಾಗಿಸಿ ಕಟ್ಟಿದರೆ ಸುಮ್ನೆ ದುಡ್ಡು ದಂಡ. ಭತ್ತದ ಹುಲ್ಲು ಹೊದಿಸಿದರೆ ಇನ್ನೂ ತಂಪು, ಗಂಗಾವತಿ ಕಡೆ ಹುಲ್ಲಿಗೆ ಬರವೂ ಇಲ್ಲ. ಆದರೆ ಒಲೆಯ ಕಿಡಿ ನೆನೆದು ನಾನು ಅದನ್ನು ಕೈಬಿಟ್ಟೆ.

9. ನೆಲಕ್ಕೆ ಗರಸು, ಅದರ ಮೇಲೆ ಹಳೇ ಪ್ಲಾಸ್ಟಿಕ್, ಅದರ ಮೇಲೆ ಮಣ್ಣು ಮೆತ್ತಿ ಸಗಣಿ ಸಾರಿಸಿ. ರೆಕ್ಕೆಯ ಹೊರಗೆ ಸುತ್ತಲೂ ಅರ್ಧ ಅಡಿ ಕಾಲುವೆ ತೋಡಿ, ಇಳಿಜಾರಿನ ಕಡೆ ಬಿಡಿ. ಒಳಗೆ ಒಂದು ಸೀರೆ ಅಡ್ಡ ಕಟ್ಟಿ. ಬಟ್ಟೆ ಬದಲಿಸಲು, ಬಾಣಂತಿಗೆ, ಸುಮ್ಮನೆ ಒಂದು ಗಳಿಗೆ ಯಾರ ಕಣ್ಣಿಗೂ ಬೀಳದೆ ಕೂರಲು ಒಂದು ಮರೆ ಬೇಕು.

ದೊಡ್ಡ ಗಾಳಿ ಬರುವ ಸೂಚನೆ ಕಂಡರೆ ರೆಕ್ಕೆ ಇಳಿಸಿ, ಮೂರೂ ಕಮಾನಿನ ಮೇಲೆ ಹಾಯುವಂತೆ ಹಗ್ಗ ಎಸೆದು, ಹುಲ್ಲಿನ ಬಂಡಿಗೆ ಬಿಗಿದ ಹಾಗೆ ಎರಡೂ ಪಕ್ಕ ಬಿಗಿಯಿರಿ. ಗುಡುಗು ಶುರುವಾದರೆ ಒಳಗೆ ಇರಬೇಡಿ, ಶಾಲೆ ಗುಡಿಯಂಥ ಗಟ್ಟಿ ಕಟ್ಟಡಕ್ಕೆ ಹೋಗಿ. ಕಬ್ಬಿಣದ ಸೂರು ಸಿಡಿಲು ತಡೆಯುವುದಿಲ್ಲ. ಅದೇ ಕಾರಣಕ್ಕೆ ಕಂಬದಿಂದ ಕರೆಂಟು ಎಳೆಯುವುದೂ ಬೇಡ. ಒಂದು ಸುಲಿದ ವೈರು ತಾಗಿದರೆ ಹದಿನೆಂಟು ಪೈಪಿಗೂ ಶಾಕು.

ಗಂಟು ಮೂಟೆ

ಬಿಚ್ಚಿದ ಮೇಲೆ ಪೈಪುಗಳನ್ನು ಆರಾರರಂತೆ ಮೂರು ಕಟ್ಟು ಮಾಡಿ. ಒಂದೊಂದು ಕಟ್ಟು 19 ಕಿಲೋ ಆಸುಪಾಸು. ಗಂಟು, ಬೋಲ್ಟು, ಪಾನಾ ಒಂದು ಚೀಲ. ತಾಡಪತ್ರಿ, ನೆಟ್ಟು, ಹಗ್ಗ ಇನ್ನೊಂದು ಚೀಲ. ಒಟ್ಟು ಐದು ಹೊರೆ, ಯಾವುದೂ 20 ಕಿಲೋ ದಾಟುವುದಿಲ್ಲ. ಆರೂವರೆ ಅಡಿ ಪೈಪು ಟಂಟಂ ಮೇಲೂ ಕೂರುತ್ತದೆ, ಟ್ರಾಲಿಯಲ್ಲಂತೂ ಹತ್ತು ಸೂರು ಹಿಡಿಸಬಹುದು. ನಾವು ಮೊದಲ ಸಲ ಕಟ್ಟಿದಾಗ ಇಬ್ಬರಿಗೆ ಎರಡು ತಾಸು ಹಿಡಿಯಿತು. ಕುಣಿ ಮೊದಲೇ ತೋಡಿಟ್ಟಿದ್ದರೆ ಈಗ ಒಂದು ತಾಸಿನಲ್ಲಿ ಮುಗಿಯುತ್ತದೆ.

ತಾಡಪತ್ರಿ ಒದ್ದೆ ಇದ್ದಾಗ ಮಡಚಬೇಡಿ. ಇಲಿ ಹತ್ತದಂತೆ ಅಟ್ಟದ ಮೇಲೆ ತೂಗುಹಾಕಿ. ಪ್ರತಿ ವರ್ಷ ಮೇ ಕೊನೆಗೆ, ಅಣೆಕಟ್ಟಿಗೆ ಒಳಹರಿವು ಶುರುವಾಗುವ ಮೊದಲು, ಒಮ್ಮೆ ಹೊರಗೆ ತೆಗೆದು ಪೂರ್ತಿ ಕಟ್ಟಿ ಬಿಚ್ಚಿ. ಊರಿನ ಹೊಸ ಹುಡುಗರ ಕೈಯಲ್ಲಿ ಕಟ್ಟಿಸಿ, ನೀವು ಬಾಯಿ ಮುಚ್ಚಿ ನೋಡಿ. ಬೋಲ್ಟು ಎಣಿಸಿ. ಹೋದ ಸಲ ನಾವು ಎಣಿಸಿದಾಗ 40ರಲ್ಲಿ 37 ಇದ್ದವು. ಮೂರು ತಂದು ಹಾಕಿ ಚೀಲದ ಬಾಯಿ ಕಟ್ಟಿದೆವು.